ರಾವಳಗಾಂವದ ಪೆಪ್ಪರಮಿಂಟು

ಅಂಗಡಿಯ ಕಟ್ಟೆಯ ಮೇಲೆ ಸಾಲಾಗಿ ಇರಿಸಿದ ಭರಣಿಗಳನ್ನು ಕಂಡು ಕಾಲು ತಡೆಯದ ಬಾಲಕರು ವಿರಳ. ಆ ಭರಣಿಗಳೊಳಗಿನ ಪೆಪ್ಪರಮಿಂಟುಗಳಲ್ಲಿ ‘ರಾವಳಗಾಂವ’ ಎಂಬ ಹೆಸರು ಹೊತ್ತವು ನಮ್ಮ ಹಿರಿಯರ ಕಾಲದಲ್ಲಿ ಬಹು ಪ್ರಸಿದ್ಧವಾಗಿದ್ದುವು. ಅದು ಯಾವನೋ ಸಾಹುಕಾರನ ಮನೆತನದ ಹೆಸರಿರಬೇಕೆಂದು ನಾವು ಬಹುಕಾಲ ತಿಳಿದಿದ್ದೆವು. ಆದರೆ ಅದು ಮಹಾರಾಷ್ಟ್ರದ ನಾಸಿಕ ಜಿಲ್ಲೆಯಲ್ಲಿ, ಮಾಲೇಗಾಂವ ತಾಲೂಕಿಗೆ ಸೇರಿದ ಒಂದು ಹಳ್ಳಿಯ ಹೆಸರು.

ಮಿಠಾಯಿಗಿಂತ ಮೊದಲು ಅಲ್ಲಿಗೆ ಬಂದದ್ದು ಕಬ್ಬು. ಹೊರದೇಶದ ಸಕ್ಕರೆಯ ಸ್ಪರ್ಧೆಯಿಂದ ದೇಶದ ಕಾರಖಾನೆಗಳನ್ನು ಕಾಪಾಡಲು 1932ರಲ್ಲಿ ಕಾಯಿದೆಯೊಂದು ಜಾರಿಗೆ ಬಂದಿತು. ಮರುವರ್ಷವೇ ನಮ್ಮ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ತಲೆಯೆತ್ತಿತು. ಅದೇ 1933ರಲ್ಲಿ, ಮಳೆ ಕಡಿಮೆಯಾದ ಮಾಲೇಗಾಂವದ ಸೀಮೆಯಲ್ಲಿ ಸೇಠ್ ವಾಲಚಂದ ಹೀರಾಚಂದರು ‘ರಾವಳಗಾಂವ ಶುಗರ್ ಫಾರ್ಮ್’ ಕಂಪನಿಯನ್ನು ಸ್ಥಾಪಿಸಿದರು. ಇವರು 1882ರಲ್ಲಿ, ಕನ್ನಡದ ಮಾತು ಇಂದಿಗೂ ಕಿವಿಗೆ ಬೀಳುವ ಸೊಲ್ಲಾಪುರದಲ್ಲಿ ಜನಿಸಿದವರು. ಕನ್ನಡಿಗರು ಇವರನ್ನು ನೆನೆಯಲು ಇನ್ನೊಂದು ಕಾರಣವುಂಟು: 1940ರ ಡಿಸೆಂಬರಿನಲ್ಲಿ ಮೈಸೂರು ಸರಕಾರದೊಡನೆ ಕೂಡಿ ಬೆಂಗಳೂರಿನಲ್ಲಿ ವಿಮಾನದ ಕಾರಖಾನೆಯನ್ನು ಆರಂಭಿಸಿದವರು ಇವರೇ. ಅಂಥ ವಿಮಾನ ಕಟ್ಟುವ ಕೈಯಿಂದ ಮಕ್ಕಳ ಬಾಯಿಗೆ ಪೆಪ್ಪರಮಿಂಟೂ ಬಂದದ್ದು ನಮಗೆ ವಿನೋದವಾಗಿ ತೋರುತ್ತದೆ. 1942ರಲ್ಲಿ ಕಂಪನಿಯು ಮಿಠಾಯಿ ತಯಾರಿಕೆಗೆ ಕೈಹಾಕಿ, ಹಳ್ಳಿಯ ಹೆಸರಿನಲ್ಲೇ ಅದನ್ನು ಮಾರತೊಡಗಿತು.

ಸಕ್ಕರೆಯಿಂದ ಪೆಪ್ಪರಮಿಂಟು ಹೇಗಾಗುವುದೆಂಬುದನ್ನು ಇಲ್ಲಿ ತುಸು ವಿವರಿಸುವುದು ಉಚಿತ. ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನಾವೆಲ್ಲ ಬಲ್ಲೆವು. ಪಾಕವು ಆರುವಾಗ ಸಕ್ಕರೆ ಮತ್ತೆ ಹರಳುಗಟ್ಟುವುದರಿಂದ ಅದು ಬೆಳ್ಳಗೆ, ಪುಡಿಪುಡಿಯಾಗುವಂತೆ ಇರುತ್ತದೆ. ಪೆಪ್ಪರಮಿಂಟಾದರೋ ಗಾಜಿನಂತೆ ಪಾರದರ್ಶಕ. ಈ ಭೇದಕ್ಕೆ ಮುಖ್ಯ ಕಾರಣ ಸಕ್ಕರೆಯೊಡನೆ ಬೆರೆಸುವ ದ್ರವ ಗ್ಲೂಕೋಸು; ಅದು ಹರಳುಗಟ್ಟಗೊಡುವುದಿಲ್ಲ. ಒಂದೆಳೆ ಪಾಕವನ್ನೂ ಉಂಡೆ ಪಾಕವನ್ನೂ ದಾಟಿ, ಸುಮಾರು 150 ಡಿಗ್ರಿ ಸೆಂಟಿಗ್ರೇಡಿನವರೆಗೆ ಈ ಮಿಶ್ರಣವನ್ನು ಕಾಯಿಸುತ್ತಾರೆ. ಆಗ ಅದರಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾತ್ರ ನೀರು ಉಳಿಯುತ್ತದೆ. ಅನಂತರ ತಣ್ಣನೆಯ ಹಾಸಿನ ಮೇಲೆ ಸುರಿದು, ಬಣ್ಣ, ಪರಿಮಳ, ಹುಳಿಗಳನ್ನು ಸೇರಿಸಿ ಕಣಕದಂತೆ ನಾದಬೇಕು. ಹುಳಿಯನ್ನು ಮೊದಲೇ ಹಾಕಿ ಕುದಿಸಿದರೆ ಸಕ್ಕರೆ ಒಡೆದು ಮಿಠಾಯಿ ಅಂಟಂಟಾಗುವುದು. ನಾದಿದ ಮುದ್ದೆಯನ್ನು ಹಗ್ಗದಂತೆ ಎಳೆದು, ಬಿಸಿ ಆರುವ ಮೊದಲೇ ಅಚ್ಚೊತ್ತಿ, ಕಾಗದ ಸುತ್ತುತ್ತಾರೆ. ಗಾಳಿಯ ತೇವವೇ ಇದಕ್ಕೆ ಪರಮ ವೈರಿ.

ಹೀಗೆ ಸಿದ್ಧವಾದದ್ದು ಸಗಟು ವ್ಯಾಪಾರಿಗಳ ಮೂಲಕ ಊರೂರಿನ ಚಿಕ್ಕ ಅಂಗಡಿಗಳನ್ನು ಸೇರುತ್ತಿದ್ದಿತು. ವೀಳ್ಯದ ರುಚಿಯ ‘ಪಾನ್ ಪಸಂದ್’ ದೂರದರ್ಶನದ ಜಾಹೀರಾತಿನಿಂದ ಮನೆಮಾತಾಯಿತು. ಮಾವಿನ ರುಚಿಯ ‘ಮ್ಯಾಂಗೋ ಮೂಡ್’, ‘ಕಾಫಿ ಬ್ರೇಕ್’ ಮೊದಲಾದುವೂ ಜನಪ್ರಿಯವಾದುವು.

ಈ ವ್ಯಾಪಾರದಲ್ಲಿ ಒಂದು ವಿಚಿತ್ರ ತೊಡಕುಂಟು. ಬೇಳೆಯ ಬೆಲೆ ಹೆಚ್ಚಿದರೆ ವರ್ತಕನು ಕಿಲೋಗೆ ನಾಲ್ಕು ರೂಪಾಯಿ ಏರಿಸಬಲ್ಲನು. ಆದರೆ ಬಿಡಿಯಾಗಿ ಮಾರುವ ಪೆಪ್ಪರಮಿಂಟಿನ ಬೆಲೆಯು ನಾಣ್ಯಕ್ಕೆ ಕಟ್ಟುಬಿದ್ದಿರುತ್ತದೆ. 25 ಪೈಸೆಯೂ ಅದಕ್ಕಿಂತ ಕಿರಿದಾದ ನಾಣ್ಯಗಳೂ 2011ರ ಜೂನ್ 30ರಿಂದ ಚಲಾವಣೆ ತಪ್ಪಿದುವು. ಐವತ್ತು ಪೈಸೆಯ ಮಿಠಾಯಿಗೆ ಐದು ಪೈಸೆ ಹೆಚ್ಚು ಕೇಳುವಂತಿಲ್ಲ. ಕೇಳಿದರೆ ಒಂದು ರೂಪಾಯಿಯನ್ನೇ ಕೇಳಬೇಕು, ಇಲ್ಲವೆ ತೂಕವನ್ನು ತಗ್ಗಿಸಬೇಕು. ಚಿಲ್ಲರೆಯಿಲ್ಲವೆಂದು ಅಂಗಡಿಯವರು ನಮ್ಮ ಕೈಗೆ ಪೆಪ್ಪರಮಿಂಟನ್ನು ಹಾಕುವುದುಂಟಷ್ಟೆ. ಆದರೆ ಅದನ್ನೇ ನಾವು ಮರಳಿ ಕೊಟ್ಟರೆ ಅವರು ಒಪ್ಪುವುದಿಲ್ಲ!

ಸಕ್ಕರೆ ಮೊದಲಾದ ಪದಾರ್ಥಗಳು, ಇಂಧನ, ಕೂಲಿ ಎಲ್ಲವೂ ಏರಿದುವು. ದೊಡ್ಡ ಕಂಪನಿಗಳು ಒಂದು ಕಡೆಯಿಂದ, ಹೆಸರಿಲ್ಲದ ಅಗ್ಗದ ಮಿಠಾಯಿಗಳು ಇನ್ನೊಂದು ಕಡೆಯಿಂದ ಮಾರುಕಟ್ಟೆಯನ್ನು ಒತ್ತಿದುವು. ಕೊನೆಗೆ 2024ರ ಫೆಬ್ರವರಿಯಲ್ಲಿ ಕಂಪನಿಯು ತನ್ನ ಮಿಠಾಯಿಗಳ ಹೆಸರುಗಳನ್ನೂ ತಯಾರಿಕೆಯ ಪಾಕವಿಧಾನಗಳನ್ನೂ 27 ಕೋಟಿ ರೂಪಾಯಿಗೆ ರಿಲಯನ್ಸ್ ಕನ್ಸ್ಯೂಮರ್ ಪ್ರಾಡಕ್ಟ್ಸ್ ಕಂಪನಿಗೆ ಮಾರಿತು.

ಈ ಮಾರಾಟದ ಸ್ವರೂಪವನ್ನು ಗಮನಿಸಬೇಕು. ನೆಲ, ಕಟ್ಟಡ, ಯಂತ್ರಗಳು ಕ್ರಯಕ್ಕೆ ಸೇರಲಿಲ್ಲ. ಅವು ಹಳೆಯ ಕಂಪನಿಯಲ್ಲಿಯೇ ಉಳಿದುವು. ಹೋದದ್ದು ಹೆಸರು ಮತ್ತು ರುಚಿ. ಎಂಬತ್ತೆರಡು ವರ್ಷ ರಾವಳಗಾಂವದ ಹೆಸರನ್ನು ಹೊತ್ತು ತಿರುಗಿದ ಮಿಠಾಯಿಯು ಇನ್ನು ಯಾವ ಊರಿನಲ್ಲಿ ತಯಾರಾಗಬೇಕೆಂಬುದು ಕೊಂಡವರ ಇಚ್ಛೆಗೆ ಸೇರಿದ್ದು.