ನಿಧಾನದಲ್ಲಿ ನಿಲ್ಲುವ ಕಾರು

ವಿದ್ಯಾರ್ಥಿಗಳೇ, ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಕಾರು 2023ರವರೆಗೆ ನಮ್ಮ ನಗರದಲ್ಲಿ ಟ್ಯಾಕ್ಸಿಯಾಗಿ ಓಡಿತು. ಇಂತಹ ಹಳೆಯ ಕಾರು ವೇಗದಲ್ಲಿ ಸರಾಗವಾಗಿ ಸಾಗಿ, ಸಿಗ್ನಲ್ಲಿನ ಬಳಿ ನಿಧಾನವಾದೊಡನೆ ನಿಂತುಬಿಟ್ಟರೆ ಎಂಜಿನ್ನೇ ಕೆಟ್ಟಿತೆಂದು ತೀರ್ಮಾನಿಸಲಾಗದು.

ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರಿನಲ್ಲಿ ವೇಗಕ್ಕೆ ಒಂದು ಜೆಟ್ ಉಂಟು. ನಿಧಾನಗತಿಗೆ ಅದಕ್ಕಿಂತ ಕಿರಿದಾದ ರಂಧ್ರವುಳ್ಳ ಮತ್ತೊಂದು. ಟ್ಯಾಂಕಿನಿಂದ ಬಂದ ಕಸದ ಕಣವೊಂದು ಈ ಕಿರುರಂಧ್ರವನ್ನು ಮುಚ್ಚಿದರೆ ಸಾಕು, ನಿಧಾನಗತಿಯಲ್ಲಿ ಎಂಜಿನ್ನಿಗೆ ಆಹಾರ ದೊರೆಯದು. ಆದುದರಿಂದ ಬಲ್ಲ ಮೆಕ್ಯಾನಿಕನು ಮೊದಲು ಆ ಜೆಟ್ಟನ್ನು ಬಿಚ್ಚಿ, ಗಾಳಿಯೂದಿ ಶುದ್ಧಗೊಳಿಸುತ್ತಾನೆ. ಫಲಿಸದಿದ್ದರೆ, ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ ಸೀಳಿ ಹೊರಗಾಳಿ ನುಗ್ಗುತ್ತಿದೆಯೇ ಎಂದು ನೋಡುತ್ತಾನೆ; ಬಳಿಕ ಕಿಡಿ ಕೊಡುವ ಪ್ಲಗ್ಗುಗಳನ್ನು ಪರೀಕ್ಷಿಸುತ್ತಾನೆ.

ಅವಸರದಿಂದ ಎಂಜಿನ್ನನ್ನೇ ಬಿಚ್ಚಿಸಿದರೆ ಟ್ಯಾಕ್ಸಿಯವನ ದಿನದ ಗಳಿಕೆಯೇ ಹೋಗುತ್ತಿತ್ತು. ‘ಯಾವಾಗ ನಿಲ್ಲುತ್ತದೆ?’ ಎಂದು ಮೊದಲು ಕೇಳಿದವನಿಗೆ ಅರ್ಧ ಉತ್ತರ ಸಿಕ್ಕಂತೆಯೇ.