ಒಂದು ತಲಾಂತಿನ ಲೆಕ್ಕ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನಗಳನ್ನು ಕೂಡಿಹಾಕುವ ಹೊಣೆ ಪ್ರತಿವರ್ಷವೂ ಕನ್ನಡ ಅಧ್ಯಾಪಕನ ಹೆಗಲಿಗೇ ಬೀಳುತ್ತದೆ. ಬರೆಯುವವರು ಕಡಿಮೆ, ಬರೆಯುತ್ತೇನೆಂದು ಮಾತು ಕೊಟ್ಟು ಮರೆಯುವವರು ಬಹಳ. ಒಮ್ಮೆ ಹೀಗೆ ಲೇಖಕರನ್ನು ಅರಸುತ್ತಿದ್ದಾಗ ಬೆಟಗೇರಿಯ ನೇಕಾರ ಮನೆತನದ ಒಬ್ಬ ಕ್ರೈಸ್ತ ವಿದ್ಯಾರ್ಥಿ ಸಿಕ್ಕಿದ. ಹುಡುಗ ಮಿತಭಾಷಿ. ಆದರೆ ಅವನ ಬಾಯಿಂದ ಬರುವ ಒಂದೊಂದು ಮಾತೂ ನನ್ನ ಪುಸ್ತಕದ ಕನ್ನಡಕ್ಕಿಂತ ಗಟ್ಟಿಯಾದದ್ದು. ಏನಾದರೂ ಬರೆದುಕೊಡೆಂದು ಕೇಳಿದೆ. ಅವನು ತಲೆತಗ್ಗಿಸಿ, “ನನ್ನ ಕಡೆಯಿಂದ ಆಗೂದಿಲ್ಲರೀ ಸರ್. ದೇವರು ನನಗ ಕೊಟ್ಟಿದ್ದು ಒಂದ ತಲಾಂತು” ಎಂದ.

ಎಂ.ಎ. ಪದವಿಯ ಭಾರವನ್ನು ಹೊತ್ತಿದ್ದರೂ ಆ ಶಬ್ದದ ಅರ್ಥ ನನಗೆ ಒಡನೆಯೇ ಹೊಳೆಯಲಿಲ್ಲ. ಕೇಳಲು ಸಂಕೋಚ. ಮರುದಿನ ಅವನೇ ಮನೆಯಿಂದ ಬೈಬಲ್ಲನ್ನು ತಂದು ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯವನ್ನು ತೆರೆದಿಟ್ಟ.

ಕಥೆ ಚಿಕ್ಕದು. ದೇಶಾಂತರ ಹೊರಟ ಒಬ್ಬ ಒಡೆಯ ತನ್ನ ಮೂವರು ಆಳುಗಳನ್ನು ಕರೆದು, ಅವರವರ ಸಾಮರ್ಥ್ಯವನ್ನು ನೋಡಿ, ಒಬ್ಬನಿಗೆ ಐದು, ಇನ್ನೊಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು ತಲಾಂತನ್ನು ಒಪ್ಪಿಸುತ್ತಾನೆ. ಮೊದಲಿಬ್ಬರು ವ್ಯಾಪಾರಕ್ಕಿಳಿದು ಕೊಟ್ಟದ್ದನ್ನು ಇಮ್ಮಡಿ ಮಾಡುತ್ತಾರೆ. ಮೂರನೆಯವನು ನೆಲವನ್ನು ಅಗೆದು ಹೂತಿಡುತ್ತಾನೆ. ಬಹುಕಾಲದ ಮೇಲೆ ಒಡೆಯ ಹಿಂದಿರುಗಿ ಲೆಕ್ಕ ಕೇಳುತ್ತಾನೆ. ಐದನ್ನು ಹತ್ತು ಮಾಡಿದವನಿಗೂ ಎರಡನ್ನು ನಾಲ್ಕು ಮಾಡಿದವನಿಗೂ ಸಿಕ್ಕ ಮೆಚ್ಚುಗೆಯ ಮಾತುಗಳು ಒಂದೇ. ಹೆಚ್ಚು ತಂದವನಿಗೆ ಹೆಚ್ಚಿನ ಹೊಗಳಿಕೆಯಿಲ್ಲ. ಹೂತಿಟ್ಟವನು ಮಾತ್ರ ಇದ್ದುದನ್ನೂ ಕಳೆದುಕೊಂಡು ಹೊರಗೆ ನೂಕಲ್ಪಡುತ್ತಾನೆ. ಅವನೇನು ಕದ್ದವನಲ್ಲ, ಕುಡಿದು ಕಳೆದವನಲ್ಲ. ಒಡೆಯನು ಕಠಿಣನೆಂದು ಹೆದರಿದ್ದಷ್ಟೇ ಅವನ ಕಥೆ. ಮೊದಲ ಓದಿಗೆ ಈ ಶಿಕ್ಷೆ ನನಗೆ ಅತಿಯೆಂದೇ ತೋರಿತು. ಈಗಲೂ ಆ ಅಳುಕು ಪೂರ್ತಿಯಾಗಿ ಹೋಗಿಲ್ಲ.

ತಲಾಂತು ಎಂಬುದು ಮೂಲದಲ್ಲಿ ನಾಣ್ಯವೂ ಅಲ್ಲ, ಒಂದು ತೂಕ. ಅಷ್ಟು ತೂಕದ ಬೆಳ್ಳಿಗೆ ಸುಮಾರು 6,000 ದಿನಾರಿಗಳ ಬೆಲೆ. ಅದೇ ಸುವಾರ್ತೆಯ ದ್ರಾಕ್ಷಿತೋಟದ ಕಥೆಯಲ್ಲಿ ಒಬ್ಬ ಕೂಲಿಯಾಳಿನ ದಿನದ ಸಂಬಳ ಒಂದು ದಿನಾರಿ. ವಾರದ ವಿಶ್ರಾಂತಿ ದಿನವನ್ನು ಬಿಟ್ಟು ಗುಣಿಸಿದರೆ ಒಂದು ತಲಾಂತೆಂದರೆ ಹೆಚ್ಚುಕಡಿಮೆ ಇಪ್ಪತ್ತು ವರ್ಷಗಳ ದುಡಿಮೆ! ಮೂರನೆಯ ಆಳಿನ ಕೈಗೆ ಬಿದ್ದದ್ದು ಚಿಲ್ಲರೆ ಕಾಸಲ್ಲ. ಇಂಗ್ಲಿಷಿನವರು ಪ್ರತಿಭೆಗೆ ‘ಟ್ಯಾಲೆಂಟ್’ ಎನ್ನುವುದಕ್ಕೂ ಈ ಕಥೆಯೇ ಮೂಲ. ಆ ಮಾತನ್ನು ದಿನಕ್ಕೆ ಹತ್ತು ಬಾರಿ ಆಡುವ ನಮಗೆ ಅದರೊಳಗೊಂದು ಲೆಕ್ಕದ ಪುಸ್ತಕವಿದೆಯೆಂಬುದು ಮರೆತುಹೋಗಿದೆ.

ಪಡೆದ ಶಕ್ತಿ ತನ್ನದಲ್ಲ, ತಾನು ಅದರ ಮೇಲ್ವಿಚಾರಕ ಮಾತ್ರ ಎಂಬುದು ಕ್ರೈಸ್ತರ ಭಾವನೆ. ಹಾಗೆ ನೋಡಿಕೊಳ್ಳುವವನಿಗೆ ಕನ್ನಡ ಬೈಬಲ್ಲು ‘ಮನೆವಾರ್ತೆಯವನು’ ಎಂಬ ಸೊಗಸಾದ ಹೆಸರನ್ನು ಕೊಟ್ಟಿದೆ. ನಮ್ಮ ಹಳೆಯ ಶಾಸನಗಳಲ್ಲಿ ಅರಮನೆಯ ಆಡಳಿತವನ್ನು ನೋಡುತ್ತಿದ್ದ ‘ಮನೆವೆರ್ಗಡೆ’ಯನ್ನು ಕಂಡವರಿಗೆ ಈ ಶಬ್ದ ಪರಕೀಯವೆನಿಸದು. ಬಿಜ್ಜಳನ ಭಂಡಾರವನ್ನು ಕಾಯ್ದ ಬಸವಣ್ಣನವರ ನಾಡಿನಲ್ಲಿ, ದಾಸೋಹವೆಂಬ ಮಾತನ್ನು ಬಲ್ಲ ಜನಕ್ಕೆ, ಈ ಭಾವನೆಯನ್ನು ಹೊಸದಾಗಿ ತಿಳಿಸಿಕೊಡಬೇಕಾಗಿಯೂ ಇಲ್ಲ. ಇವೆರಡೂ ಒಂದೇ ಎನ್ನುವುದು ನನ್ನ ವಾದವಲ್ಲ, ನೆರೆಹೊರೆಯವು ಎನ್ನಬಹುದು.

ಆ ಹುಡುಗನಿಗೆ ಇದನ್ನೆಲ್ಲ ವಿವರಿಸುವಷ್ಟು ದೈವಜ್ಞಾನ ನನ್ನಲ್ಲಿರಲಿಲ್ಲ. ಅದಕ್ಕೆ ಬದಲಾಗಿ ಅವನನ್ನು ಗ್ರಂಥಾಲಯಕ್ಕೆ ಕರೆದೊಯ್ದು, ಎರಡು ಕೈಗಳಿಂದ ಎತ್ತಬೇಕಾದ ಒಂದು ಪುಸ್ತಕವನ್ನು ಮೇಜಿನ ಮೇಲಿಟ್ಟೆ. 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅದು. 1,700ಕ್ಕೂ ಮಿಕ್ಕ ಪುಟಗಳು. ಸುಮಾರು 70,000 ಶಬ್ದಗಳು.

ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ವಾಯವ್ಯ ಮೂಲೆಯ ಪೂರ್ವ ಫ್ರೀಸಿಯಾ ಪ್ರಾಂತದಲ್ಲಿ. ತಂದೆ ಕ್ರೈಸ್ತ ಬೋಧಕರು. ಬಾಲ್ಯದ ವ್ಯಾಸಂಗದಲ್ಲಿಯೇ ಹೀಬ್ರೂ, ಗ್ರೀಕ್, ಲ್ಯಾಟಿನ್ ಭಾಷೆಗಳ ಪರಿಚಯವಾಯಿತು. ಹದಿನೆಂಟರಲ್ಲಿ ಬಾಸೆಲ್ ಮಿಷನ್ನಿನ ವಿದ್ಯಾಶಾಲೆಯನ್ನು ಸೇರಿ, 1853ರಲ್ಲಿ ಭಾರತಕ್ಕೆ ಬಂದರು. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಅವರ ಕಾರ್ಯಕ್ಷೇತ್ರಗಳಾದವು. ಬಂದ ಉದ್ದೇಶ ಸುವಾರ್ತೆಯನ್ನು ಸಾರುವುದು. ಆದರೆ ಈ ತರುಣನ ಕಿವಿ ಬೇರೊಂದು ಕೆಲಸಕ್ಕೆಂದೇ ಮಾಡಿದಂತಿತ್ತು. ಸಂತೆಯ ಮಾತು, ಗಾದೆ, ಹಳಗನ್ನಡದ ಓಲೆಗರಿ, ಷಟ್ಪದಿಯ ನಡೆ ಎಲ್ಲವೂ ಅದಕ್ಕೆ ಬೇಕು. 1862ರಲ್ಲಿ ಹೊರಬಂದ ಅವರ ‘ಕಥಾಮಾಲೆ’ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದ ಕೃತಿ. ಮುಂದೆ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಅಚ್ಚು ಹಾಕಿಸಿದರು. ಹಳಗನ್ನಡ ಕವಿಯ ಛಂದಶ್ಶಾಸ್ತ್ರಕ್ಕೂ ಕ್ರೈಸ್ತ ಬೋಧಕನಿಗೂ ಎಲ್ಲಿಯ ನಂಟು?

ಈ ಪ್ರಶ್ನೆ ಅಂದಿಗೇನೂ ವಿನೋದದ ಪ್ರಶ್ನೆಯಾಗಿರಲಿಲ್ಲ. ಮಿಷನ್ನಿನ ವರದಿಗಳಲ್ಲಿ ಸಭೆಗೆ ಸೇರಿದವರ ಸಂಖ್ಯೆಗೆ ಜಾಗವಿತ್ತು, ಶಾಲೆಯ ಮಕ್ಕಳ ಸಂಖ್ಯೆಗೆ ಜಾಗವಿತ್ತು. ತದ್ಭವಗಳ ಪಟ್ಟಿಯನ್ನು ಯಾವ ಅಂಕಣದಲ್ಲಿ ತುಂಬುವುದು? ಕಿಟ್ಟೆಲ್ ತಮ್ಮವರ ನಡುವೆಯೇ ಬಹುಮಟ್ಟಿಗೆ ಹೊರಗಿನವರಾಗಿ ಉಳಿದರು. ಪ್ರಚಾರಕ್ಕೆಂದು ಕಳುಹಿಸಿದವನು ಪಾಂಡಿತ್ಯದಲ್ಲಿ ಕಾಲ ಕಳೆಯುತ್ತಿದ್ದಾನೆಂಬ ಅಸಮಾಧಾನ ಅವರ ಬೆನ್ನು ಬಿಡಲಿಲ್ಲ. ಒಡೆಯನ ಹಣವನ್ನು ವ್ಯಾಪಾರಕ್ಕೆ ಹಾಕಿದವನು ಯಾರು, ಹೂತಿಟ್ಟವನು ಯಾರು ಎಂಬುದನ್ನು ಅವನ ಬಾಳಿನ ನಡುಹಗಲಿನಲ್ಲಿ ನಿಂತು ತೀರ್ಮಾನಿಸುವುದು ಸುಲಭವಲ್ಲ. ಮಿಷನ್ನಿನವರನ್ನು ಸಂಕುಚಿತರೆಂದು ಜರೆಯುವುದೂ ನ್ಯಾಯವಾಗದು. ಅವರ ನಡುವೆ ಬಗೆಬಗೆಯ ಕೈಗಳಿಗೆ ಕೆಲಸ ಸಿಕ್ಕಿತ್ತು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗ್ ಅವರ ಸಂಸ್ಥೆಯವರೇ. ಮುದ್ರಣದ ಕೆಲಸಕ್ಕೆಂದು ಬಂದ ಪ್ಲೆಬ್ಸ್ಟ್ ಮಂಗಳೂರಿನ ಜೇಡಿಮಣ್ಣನ್ನು ಪರೀಕ್ಷಿಸಿ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದದ್ದೂ ಅವರ ಆಶ್ರಯದಲ್ಲೇ. ಹೆಂಚಿನ ಲಾಭ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಿವಿಯ ದುಡಿಮೆ ಹಾಗಲ್ಲ.

ಕಡೆಗೆ ಆ ಕಿವಿಗೆ ತಕ್ಕ ಕೆಲಸವನ್ನು ವಹಿಸಿದ್ದೂ ಮಿಷನ್ನೇ. ಆಗ ಬಳಕೆಯಲ್ಲಿದ್ದುದು ರೀವ್ ಅವರ ನಿಘಂಟು. ಅದು ಪ್ರಕಟವಾದದ್ದು ಕಿಟ್ಟೆಲ್ ಹುಟ್ಟಿದ 1832ರಲ್ಲಿಯೇ. 1858ರಲ್ಲಿ ಸ್ಯಾಂಡರ್ಸನ್ ಅದನ್ನು ತಿದ್ದಿ ಹೊರತಂದಿದ್ದರೂ ಹೊಸದೊಂದರ ಕೊರತೆ ಇತ್ತು. 1870ರ ದಶಕದ ಮೊದಲಲ್ಲಿ ಕೆಲಸ ಕಿಟ್ಟೆಲ್ಲರ ಪಾಲಿಗೆ ಬಂತು. 1877ರಲ್ಲಿ ಸ್ವದೇಶಕ್ಕೆ ಮರಳಿದವರು, ಅಲ್ಲಿ ಕುಳಿತು ಇದು ಮುಗಿಯದೆಂದು ಐವತ್ತು ದಾಟಿದ ಮೇಲೆ 1883ರಲ್ಲಿ ಮತ್ತೆ ಕನ್ನಡ ನಾಡಿಗೆ ಬಂದರು. ಸಂಸಾರದ ದುಃಖವೂ ಈ ನಡುವೆ ಬಂದುಹೋಗಿತ್ತು. ಮೊದಲ ಹೆಂಡತಿ ಪೌಲೀನಾ ತೀರಿಕೊಂಡ ಮೇಲೆ ಆಕೆಯ ತಂಗಿ ಜೂಲಿಯನ್ನು ಮದುವೆಯಾಗಿದ್ದರು. ನಿಘಂಟು ಕೈಸೇರಿದ್ದು 1894ರಲ್ಲಿ. ಎಂದರೆ ಹೆಚ್ಚುಕಡಿಮೆ ಇಪ್ಪತ್ತು ವರ್ಷಗಳ ದುಡಿಮೆ. ತಲಾಂತಿನ ಬೆಲೆಯನ್ನು ಲೆಕ್ಕಹಾಕಿದ ಮೇಲೆ ಈ ಅಂಕಿಯನ್ನು ಕಂಡು ನಾನು ಒಂದು ಕ್ಷಣ ಸುಮ್ಮನಾದೆ. ಕಾಕತಾಳೀಯವೇ ಇರಬೇಕು.

ಆ ನಿಘಂಟಿನ ಯಾವ ಪುಟವನ್ನು ತೆರೆದರೂ ಒಂದು ಸಂಗತಿ ಕಾಣುತ್ತದೆ. ಒಂದು ಶಬ್ದದ ಬಳಿ ಅದರ ಬಂಧುಗಳಾದ ತಮಿಳು, ತೆಲುಗು, ಮಲಯಾಳ, ತುಳು ರೂಪಗಳು ಬಂದು ಕೂರುತ್ತವೆ. ಹಳೆಯ ಕವಿಯ ಪ್ರಯೋಗದ ಪಕ್ಕದಲ್ಲಿಯೇ ಅಡಿಗೆಮನೆಯ ಗಾದೆಯೊಂದು ಯಾವ ಅಳುಕೂ ಇಲ್ಲದೆ ನಿಂತಿರುತ್ತದೆ. ಇವನ್ನೆಲ್ಲ ಕಿಟ್ಟೆಲ್ ಒಬ್ಬರೇ ತಮ್ಮ ತಲೆಯಿಂದ ತೆಗೆದವರಲ್ಲ. ಪಂಡಿತರು ನೆರವಾದರು, ಹೆಸರಿಲ್ಲದ ಎಷ್ಟೋ ಜನ ತಮಗೆ ತಿಳಿಯದೆಯೇ ಶಬ್ದಗಳನ್ನು ಕೊಟ್ಟರು. ಕಥೆಯ ಮೊದಲಿಬ್ಬರು ಆಳುಗಳೂ ಹಣವನ್ನು ಬೆಳೆಸಿದ್ದು ಪೇಟೆಗಿಳಿದು, ಹತ್ತು ಜನರ ಕೈಗೆ ಅದನ್ನು ಕೊಟ್ಟು ತೆಗೆದುಕೊಂಡೇ ಅಲ್ಲವೆ? ಮೂರನೆಯವನ ತಪ್ಪಿನ ಮರ್ಮ ನನಗೆ ಇಲ್ಲಿ ಸ್ವಲ್ಪ ಹೊಳೆಯಿತು. ನೆಲದೊಳಗಿನ ಹಣ ಯಾರೊಬ್ಬರ ಕೈಯನ್ನೂ ಮುಟ್ಟಲಿಲ್ಲ.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಕಿಟ್ಟೆಲ್ ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ವಿಶ್ರಾಂತಿಯ ಕಾಲದಲ್ಲೂ ಕೈ ಸುಮ್ಮನಿರಲಿಲ್ಲ. ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗನ್ನಿನಲ್ಲಿಯೇ ತೀರಿಕೊಂಡರು. ಬೋಧಕರಿಗೂ ಬೈಬಲ್ಲಿನ ಅನುವಾದಕರಿಗೂ ನೆರವಾಗಲೆಂದು ಹುಟ್ಟಿದ ನಿಘಂಟು ಶೈವ, ವೈಷ್ಣವ, ಜೈನ ಕಾವ್ಯಗಳನ್ನು ಓದುವವರ ಮೇಜಿನ ಮೇಲೆ ನೆಲೆಸಿತು. ಮದರಾಸು ವಿಶ್ವವಿದ್ಯಾಲಯ ಮರಿಯಪ್ಪ ಭಟ್ಟರ ಸಂಪಾದಕತ್ವದಲ್ಲಿ ಅದನ್ನು ಪರಿಷ್ಕರಿಸಿ, 1968ರಿಂದ ಮೊದಲ್ಗೊಂಡು ಸಂಪುಟಗಳಾಗಿ ಹೊರತಂದಿತು. ಲಾಭ ಒಡೆಯನ ಪೆಟ್ಟಿಗೆಗೆ ಸೇರಿತೇ ಎಂದು ಅಂದಿನ ಮಿಷನ್ನಿನ ಲೆಕ್ಕಿಗ ಕೇಳಿದ್ದರೆ ಕಿಟ್ಟೆಲ್ ಏನು ಹೇಳುತ್ತಿದ್ದರೋ! ಒಡೆಯ ಒಬ್ಬನೇ, ಪೆಟ್ಟಿಗೆಗಳು ಅನೇಕ ಎಂದು ನನ್ನಂಥವನಿಗೆ ತೋರುತ್ತದೆ. ಇದನ್ನು ಒಪ್ಪದ ಕ್ರೈಸ್ತ ಸ್ನೇಹಿತರೂ ನನಗಿದ್ದಾರೆ. ಆತ್ಮದ ಲೆಕ್ಕ ಬೇರೆ, ಅಕ್ಷರದ ಲೆಕ್ಕ ಬೇರೆ ಎಂದು ಅವರು ಹೇಳುತ್ತಾರೆ. ಆ ವಾದವನ್ನು ನಾನು ಗೆದ್ದಿಲ್ಲ.

ನಮ್ಮ ಬೆಟಗೇರಿಯ ಹುಡುಗ ಆ ದಿನ ಪುಟಗಳನ್ನು ಮಗುಚುತ್ತ ಬಹಳ ಹೊತ್ತು ಕುಳಿತಿದ್ದ. ‘ಲಾಳಿ’ಯನ್ನು ಹುಡುಕಿದ, ‘ಹಾಸು’ ಹುಡುಕಿದ, ‘ಹೊಕ್ಕು’ ಹುಡುಕಿದ. ಏನನ್ನೂ ಹೇಳದೆ ಎದ್ದುಹೋದ. ಎರಡು ತಿಂಗಳ ಮೇಲೆ, ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೆ, ಅಂಗಡಿಯ ಲೆಕ್ಕದ ಪುಸ್ತಕದಂಥ ಉದ್ದನೆಯ ಒಂದು ನೋಟುಬುಕ್ಕನ್ನು ತಂದು ನನ್ನ ಮುಂದಿಟ್ಟ. ಅವನ ಅಜ್ಜ ಮಗ್ಗದ ಗುಂಡಿಯಲ್ಲಿ ಕುಳಿತು ಆಡುವ ಮಾತುಗಳು ಅದರಲ್ಲಿದ್ದವು: ನೂಲಿನ ಹೆಸರು, ಗಂಟಿನ ಹೆಸರು, ಎಳೆ ಕಡಿದಾಗ ಬೈಯುವ ಬೈಗುಳ ಕೂಡ.

“ಕಿಟ್ಟೆಲ್ ಸಾಹೇಬರ ಪುಸ್ತಕದಾಗ ಸಿಕ್ಕಿದ್ದಕ್ಕ ಗೆರಿ ಎಳದೀನ್ರಿ ಸರ್. ಸಿಗಲಾರದ್ದಕ್ಕ ಎದುರಿಗೆ ಜಾಗಾ ಬಿಟ್ಟೀನಿ. ಅಜ್ಜಗ ಇನ್ನೊಮ್ಮೆ ಕೇಳಬೇಕು” ಎಂದ.

ಅಜ್ಜನಿಗೆ ಎಂಬತ್ತು ದಾಟಿದೆಯೆಂದು ಕೇಳಿ, ಈ ಶನಿವಾರವೇ ಊರಿಗೆ ಹೋಗೆಂದು ನಾನು ರಜೆಯ ಚೀಟಿಯನ್ನು ಬರೆದುಕೊಟ್ಟೆ.