ಅಳಿದ ಸಾಮ್ರಾಜ್ಯ, ಉಳಿದ ಕಳಂಕ

ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಸೋವಿಯತ್ ಒಕ್ಕೂಟವನ್ನು ‘ದುಷ್ಟ ಸಾಮ್ರಾಜ್ಯ’ ಎಂದು ಜರೆದದ್ದು 1983ರಲ್ಲಿ. ಅದು ಪತನಗೊಂಡದ್ದು 1991ರಲ್ಲಿ. ಬ್ರಿಟನ್ನಿನ ಹಾಸ್ಯ ಕಾದಂಬರಿಕಾರ ಟೆರ್ರಿ ಪ್ರಾಚೆಟ್ (1948–2015) ಅವರ ‘ಡಿಸ್ಕ್‌ವರ್ಲ್ಡ್’ ಮಾಲಿಕೆಯಲ್ಲೂ ಅಂಥದ್ದೊಂದು ಅಳಿದ ಸಾಮ್ರಾಜ್ಯವಿದೆ. ಅದರ ನೆಲೆ ಊಬರ್‌ವಾಲ್ಡ್. ‘ಕಾಡಿನಾಚೆ’ ಎಂಬರ್ಥದ ಟ್ರಾನ್ಸಿಲ್ವೇನಿಯಾಕ್ಕೆ ಜರ್ಮನ್ ವೇಷ ತೊಡಿಸಿದ ಹೆಸರು.

2009ರ ‘ಅನ್‌ಸೀನ್ ಅಕಾಡೆಮಿಕಲ್ಸ್’ ಕಾದಂಬರಿಯ ನಟ್ ಎಂಬಾತ ಓರ್ಕ್ ಕುಲದವನು. ಯುದ್ಧಕ್ಕಾಗಿ ಮನುಷ್ಯರನ್ನೇ ತಿದ್ದಿ ಓರ್ಕ್‌ಗಳನ್ನು ಸೃಷ್ಟಿಸಿದವನು ದುಷ್ಟ ಚಕ್ರವರ್ತಿ. ಚಕ್ರವರ್ತಿ ಅಳಿದರೂ ಜನರ ಭಯ ಅಳಿದಿಲ್ಲ. ಸೌಮ್ಯ, ವಿದ್ಯಾವಂತ ನಟ್ ತನ್ನ ಯೋಗ್ಯತೆಯನ್ನು ಅನುಕ್ಷಣವೂ ಸಾಬೀತುಪಡಿಸಬೇಕು.

ಅಪರಾಧ ಆಯುಧದ್ದೋ, ಅದನ್ನು ರೂಪಿಸಿದ ಕೈಯದ್ದೋ? ನಗಿಸುತ್ತಲೇ ಪ್ರಾಚೆಟ್ ಎತ್ತಿದ ಈ ಪ್ರಶ್ನೆ, ಸಾಮ್ರಾಜ್ಯಗಳು ಕುಸಿದ ಪ್ರತಿಯೊಂದು ನಾಡಿಗೂ ಅನ್ವಯಿಸುತ್ತದೆ.